ನರ್ಸಮ್ಮನಿಗೆ ಬಿದ್ದ ವೋಟು

ಬಡಾವಣೆಯ ಎಲ್ಲರ ಕಾಲರೂ ಇಸ್ತ್ರಿಯವನಿಗೆ ಗೊತ್ತು. ಯಾರ ಅಂಗಿ ಕುತ್ತಿಗೆಯ ಬಳಿ ಸವೆದಿದೆ, ಯಾರದು ಹೊಟ್ಟೆಯ ಬಳಿ ಬಿಗಿಯುತ್ತಿದೆ ಎಂಬುದರಲ್ಲೇ ಆ ಮನೆಯ ಹಣೆಬರಹ ಓದಿಬಿಡುತ್ತಿದ್ದ. ಮಾತು ಕಡಿಮೆ. ಚುನಾವಣೆ ಬಂದರೆ ಮಾತ್ರ ಅವನ ಬಾಯಿಗೆ ಬೀಗವಿಲ್ಲ.

ಅವನ ಲೆಕ್ಕ ಸರಳ. ವಾರ್ಡಿನಲ್ಲಿ ಐದು ಜನ ನಿಲ್ಲಲಿ, ಹತ್ತು ಜನ ನಿಲ್ಲಲಿ, ಗೆಲ್ಲುವ ತಾಕತ್ತಿರುವುದು ಇಬ್ಬರಿಗೆ. ಒಬ್ಬ ಕಂಟ್ರಾಕ್ಟರ್, ಮೋರಿಯ ಚಪ್ಪಡಿಯನ್ನೂ ಬಿಡದೆ ನುಂಗಿದವನು. ಇನ್ನೊಬ್ಬ ಬಸ್ ಮಾಲೀಕ, ನುಂಗಿದರೂ ಕೊಂಚ ನಾಚಿಕೊಳ್ಳುವವನು. ಮೊದಲನೆಯವನನ್ನು ತಡೆಯಲು ಎರಡನೆಯವನ ಗುಂಡಿ ಒತ್ತಬೇಕು. ಹಿಂದಿನ ನಾಲ್ಕು ಚುನಾವಣೆಗಳಲ್ಲೂ ಹಾಗೆಯೇ ಒತ್ತಿದ್ದ.

ಹೆಂಡತಿಯ ವೋಟು ಪಕ್ಕದ ಬೀದಿಯ ನಿವೃತ್ತ ನರ್ಸಮ್ಮನಿಗೆ. ಆಕೆ ಪ್ರತಿಸಲ ಪಕ್ಷವಿಲ್ಲದೆ ನಿಲ್ಲುತ್ತಿದ್ದರು, ಪ್ರತಿಸಲ ಸೋಲುತ್ತಿದ್ದರು.

"ಗೆಲ್ಲದವರಿಗೆ ಹಾಕಿ ವೋಟು ಯಾಕೆ ಹಾಳು ಮಾಡ್ತೀಯೇ?"

"ನಿಮ್ಮ ಕೈ ಸುಟ್ಟಾಗ ಹನ್ನೊಂದು ದಿನ ಮನೆಗೆ ಬಂದು ಪಟ್ಟಿ ಬದಲಿಸಿದ್ದು ಯಾರು? ನಿಮ್ಮ ಬಸ್ ಮಾಲೀಕನಾ?"

ಅವನು ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆಯನ್ನು ಜೋರಾಗಿ ಒತ್ತುತ್ತಿದ್ದ.

ಐದನೆಯ ಸಲ, ಶಾಲೆಯ ಬೂತಿನಲ್ಲಿ, ಬಸ್ ಮಾಲೀಕನ ಗುಂಡಿಗೆ ಬೆರಳು ಚಾಚಿದಾಗ ಮಣಿಕಟ್ಟಿನ ಸುಟ್ಟ ಕಲೆ ಕಣ್ಣಿಗೆ ಬಿತ್ತು. ಹನ್ನೊಂದು ದಿನ ನೆನಪಾಯಿತು. ಬೆರಳು ಎರಡು ಸಾಲು ಕೆಳಗಿಳಿದು ನರ್ಸಮ್ಮನ ಗುಂಡಿಯನ್ನು ಒತ್ತಿತು.

ಸಂಜೆ ಹೆಂಡತಿಯೇ ಮಾತು ಶುರು ಮಾಡಿದಳು.

"ಏನೂ ಅನ್ಕೋಬೇಡಿ. ಈ ಸಲ ಬಸ್ ಮಾಲೀಕನಿಗೆ ಹಾಕ್ಬಿಟ್ಟೆ. ಕಂಟ್ರಾಕ್ಟರ್ ಬಂದ್ರೆ ಶಾಲೆ ಮೈದಾನ ಉಳಿಯಲ್ಲ. ನೀವು ಹೇಳೋದೂ ಸರಿ ಅನ್ನಿಸ್ತು."

"ನಾನು ನರ್ಸಮ್ಮನಿಗೆ ಹಾಕಿದೆ," ಎಂದ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಇಪ್ಪತ್ತು ವರ್ಷದ ವಾದದಲ್ಲಿ ಇಬ್ಬರೂ ಒಂದೇ ದಿನ ಗೆದ್ದಿದ್ದರು. ಆ ಗೆಲುವನ್ನು ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಹೆಂಡತಿಗೆ ನಗು ಬಂತು. ಅವನಿಗೆ ಬರಲಿಲ್ಲ.

ಬಸ್ ಮಾಲೀಕ ಗೆದ್ದ. ಎರಡನೆಯ ವಾರಕ್ಕೆ ಕಂಟ್ರಾಕ್ಟರ್ ಜೊತೆ ಕೈ ಜೋಡಿಸಿದ. ಮೂರನೆಯ ವಾರ ಮೈದಾನದ ಸುತ್ತ ತಗಡಿನ ಬೇಲಿ ಎದ್ದಿತು.

ಅದೇ ವಾರ ನರ್ಸಮ್ಮ ಎರಡು ಸೀರೆ ಹಿಡಿದು ಅಂಗಡಿಗೆ ಬಂದರು. ಹೆಂಡತಿ ಒಳಗೆ ಬಟ್ಟೆ ಮಡಿಸುತ್ತಿದ್ದಳು.

"ಬೂತಿನ ವೋಟಿನ ಲೆಕ್ಕ ನೋಡಿದೆ ಕಣಮ್ಮ," ಎಂದರು ಅವಳಿಗೆ. "ಹಿಂದೆಲ್ಲ ಹತ್ತಿಪ್ಪತ್ತಾದ್ರೂ ಬೀಳ್ತಿತ್ತು. ಈ ಸಲ ನಮ್ಮ ಬೂತಲ್ಲಿ ಒಂದೇ ಒಂದು. ಅದು ನಂದೇ ಅಂತ ಬೀದಿಯೋರೆಲ್ಲ ನಗ್ತಿದಾರೆ."

ಇಸ್ತ್ರಿಯವನು ತಲೆ ತಗ್ಗಿಸಿ ಸೀರೆಗೆ ನೀರು ಚಿಮುಕಿಸಿದ.

ನರ್ಸಮ್ಮ ದನಿ ತಗ್ಗಿಸಿದರು. "ನಂದಲ್ಲ. ಕಂಟ್ರಾಕ್ಟರ್ ಬಂದುಬಿಟ್ರೆ ಅಂತ ಹೆದರಿ ನಾನೂ ಬಸ್ ಮಾಲೀಕನಿಗೇ ಒತ್ತಿಬಿಟ್ಟೆ. ಆ ಒಂದು ವೋಟು ನಿಂದೇ ಇರಬೇಕು. ಥ್ಯಾಂಕ್ಸ್ ಹೇಳೋಣ ಅಂತ ಬಂದೆ."

"ನಂದೂ ಅಲ್ಲಮ್ಮ," ಎಂದು ಹೆಂಡತಿ ಕಣ್ಣಲ್ಲೇ ಗಂಡನ ಕಡೆ ತೋರಿಸಿದಳು.

ನರ್ಸಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನೀವಾ? ನೀವು ಭಾರೀ ಲೆಕ್ಕಾಚಾರದವರಲ್ವಾ?"

ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಅವನ ಮುಖ ಕೆಂಪೇರಿತು.

"ಕೈ ತಪ್ಪಿ ಬಿತ್ತಮ್ಮ," ಎಂದ.