ನಿಂಬೆರಸದಲ್ಲಿ ಬೆಂದ ಮೀನು

ನನ್ನ ಗಂಡ ತೀರಿಹೋಗಿ, ಬೊಜ್ಜದ ಹಿಂದಿನ ದಿನ ಇವರ ಅಕ್ಕ ಅಡುಗೆಮನೆಯಲ್ಲಿ ಎಲ್ಲರ ಎದುರು ನನ್ನನ್ನು ಕೇಳಿದರು.

"ಎಡೆಗೆ ಎಂತೆಲ್ಲ ಆಗಬೇಕು ಹೇಳು. ಕೋಳಿ ಉಂಟು, ರೊಟ್ಟಿ ಉಂಟು, ಬಂಗುಡೆ ಉಂಟು. ಅವನಿಗೆ ಇಷ್ಟದ್ದು ಮತ್ತೆ ಎಂತ ಬಾಕಿ?"

ನಮ್ಮ ಕರಾವಳಿಯ ಕಡೆ ತೀರಿಹೋದವರಿಗೆ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ದಿನ ಅವರ ಇಷ್ಟದ ಅಡುಗೆಯನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಮನೆಯವರು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಹೋದವರು ಬಂದು ಉಣ್ಣಲಿ ಎಂದು. ಇವರು ಹೋಗಿ ಆಗಲೇ ಕೆಲವು ದಿನಗಳಾಗಿದ್ದವು. ಕೇಳಿದ್ದಕ್ಕೆ ಹೇಳಿದೆ.

"ಹಸಿ ಮೀನು. ಬೇಯಿಸಬಾರದು. ತೆಳ್ಳಗೆ ಕೊಯ್ದು ನಿಂಬೆರಸ ಹಾಕಿ ಇಡಬೇಕು."

"ನಿನಗೆ ತಲೆ ಸರಿ ಉಂಟಾ ಮಾರಾಯ್ತಿ? ಎಡೆಗೆ ಹಸಿ ಮೀನು ಬಡಿಸುವುದಾ? ನನ್ನ ತಮ್ಮ ಎಂತ ಬೆಕ್ಕಾ?"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಾನು ನಗಲಿಲ್ಲ. ಅವರಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ, ಈಗ ನನ್ನೊಬ್ಬಳಿಗೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮದುವೆಯಾದ ಹೊಸತರಲ್ಲಿ, ಅರವತ್ತರ ದಶಕದಲ್ಲಿ, ನಾವು ಗುಜರಾತಿನಲ್ಲಿದ್ದೆವು. ಇವರು ವಿಮಾ ಕಚೇರಿಯಲ್ಲಿ ಗುಮಾಸ್ತರು. ಮೊದಲು ಅಹಮದಾಬಾದು, ಆಮೇಲೆ ವಡೋದರಾ, ಕಡೆಗೆ ಸೂರತ್. ಕಚೇರಿಯ ಕಷ್ಟ ಇವರಿಗೆ ಹೆಚ್ಚಿರಲಿಲ್ಲ. ಕಷ್ಟವಿದ್ದದ್ದು ಮನೆಯದು. ಬಾಡಿಗೆಗೆ ಕೊಡುವವರು ಮೊದಲು ಕೇಳುತ್ತಿದ್ದದ್ದು ಊರನ್ನಲ್ಲ, ಸಂಬಳವನ್ನಲ್ಲ. "ಏನು ತಿನ್ನುತ್ತೀರಿ?" ಎಂದು. ನಾವು "ಅನ್ನ" ಎನ್ನುತ್ತಿದ್ದೆವು. ಅದು ಸುಳ್ಳಲ್ಲ.

ಅಹಮದಾಬಾದಿನಲ್ಲಿ ಹಳೆಯ ಪೇಟೆಯ ಓಣಿಯೊಂದರಲ್ಲಿ ಮಹಡಿಯ ಕೋಣೆ ಸಿಕ್ಕಿತ್ತು. ಒಂದು ಮಳೆಗಾಲದ ಮಧ್ಯಾಹ್ನ, ಅಮ್ಮ ಊರಿನಿಂದ ಕಳಿಸಿದ್ದ ಒಣಮೀನಿನ ಒಂದೇ ಒಂದು ತುಂಡನ್ನು ಕೆಂಡದ ಮೇಲಿಟ್ಟೆ. ಕಿಟಕಿ ಮುಚ್ಚಿದ್ದೆ, ಬಾಗಿಲಿನ ಸಂದಿಗೆ ಗೋಣಿ ತುರುಕಿದ್ದೆ. ಸುಟ್ಟ ಒಣಮೀನಿನ ವಾಸನೆ ಇದನ್ನೆಲ್ಲ ಲೆಕ್ಕಕ್ಕಿಡುವುದಿಲ್ಲ. ಇವರು ಕಚೇರಿಯಿಂದ ಬರುವಾಗ ನಮ್ಮ ಟ್ರಂಕು, ಹಾಸಿಗೆ, ಪಾತ್ರೆ ಎಲ್ಲವೂ ಕೆಳಗಿನ ಜಗಲಿಯ ಮೇಲಿದ್ದವು. ವಡೋದರಾದಲ್ಲಿ ಅಲ್ಕಾಪುರಿಯ ಬಂಗಲೆಯೊಂದರ ಹಿಂದಿನ ಕೋಣೆ. ಅಲ್ಲಿ ನಮ್ಮ ಕಸದಲ್ಲಿ ಮನೆಯ ಯಜಮಾನರಿಗೆ ಮೊಟ್ಟೆಯ ಸಿಪ್ಪೆ ಸಿಕ್ಕಿತು. ಮಗಳು ಹುಟ್ಟಿ ಕೆಲವೇ ತಿಂಗಳಾಗಿತ್ತು. ಜ್ವರದ ಕೂಸನ್ನು ಎತ್ತಿಕೊಂಡು, ಸಾಮಾನು ತುಂಬಿದ ಕುದುರೆಗಾಡಿಯ ಪಕ್ಕದಲ್ಲಿ ನಾನು ರಸ್ತೆಯಲ್ಲಿ ನಿಂತಿದ್ದೆ. ಎಲ್ಲಿಗೆ ಹೋಗುವುದೆಂದು ಗಾಡಿಯವನು ಮತ್ತೆ ಮತ್ತೆ ಕೇಳುತ್ತಿದ್ದ.

ಸೂರತ್‌ಗೆ ವರ್ಗವಾದಾಗ ಇವರು ಹೇಳಿದ್ದರು, "ಇನ್ನೊಂದು ಮನೆ ಹೋದರೆ ನಿನ್ನನ್ನೂ ಮಗುವನ್ನೂ ಊರಿಗೆ ಕಳಿಸಿಬಿಡುತ್ತೇನೆ. ನಾನು ಮೆಸ್ಸಿನಲ್ಲಿ ಇರುತ್ತೇನೆ. ಕೂಸನ್ನು ಬೀದಿಯಲ್ಲಿ ನಿಲ್ಲಿಸುವುದು ನನ್ನಿಂದ ಇನ್ನು ಆಗುವುದಿಲ್ಲ."

ಬೈದು ಹೇಳಿದ್ದಲ್ಲ. ಅದೇ ನನಗೆ ಹೆದರಿಕೆ. ಬೈದು ಹೇಳಿದ್ದನ್ನು ಇವರು ಮರುದಿನ ಮರೆಯುತ್ತಿದ್ದರು, ಮೆಲ್ಲಗೆ ಹೇಳಿದ್ದನ್ನು ಮಾಡಿಯೇ ತೀರುತ್ತಿದ್ದರು.

ಸೂರತ್‌ನಲ್ಲಿ ಮನೆ ಕೊಟ್ಟವರು ವಿಧವೆಯಾದ ಒಬ್ಬ ಮುದುಕಿ. ಕೆಳಗೆ ಅವರು, ಮೇಲೆ ನಾವು. ಎಲ್ಲರೂ ಅವರನ್ನು ಬಾ, ಎಂದರೆ ಅಮ್ಮ, ಎಂದೇ ಕರೆಯುತ್ತಿದ್ದರು. ಅವರ ಬಾಯಲ್ಲಿ ಹಲ್ಲು ಕಡಿಮೆ, ಮಾತು ಹೆಚ್ಚು. ನೀರುಳ್ಳಿ, ಬೆಳ್ಳುಳ್ಳಿಗೆ ಅಡ್ಡಿಯಿಲ್ಲ, ಅದರಾಚೆಗೆ ಏನೂ ಕೂಡದು ಎಂದು ಮೊದಲ ದಿನವೇ ಹೇಳಿದ್ದರು. ನಾವು ಒಪ್ಪಿದೆವು, ಪಾಲಿಸಿದೆವು ಕೂಡ. ಬಾ ದಿನಾ ಮೇಲೆ ಬಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದರು. ಅವರ ಬೆಕ್ಕು ಮೆಟ್ಟಿಲವರೆಗೆ ಬಂದು ಅಲ್ಲೇ ಕೂರುತ್ತಿತ್ತು.

ಆ ವರ್ಷ ದೀಪಾವಳಿಯ ರಜೆಯಲ್ಲಿ ಮಗುವನ್ನೂ ಎತ್ತಿಕೊಂಡು ಸೋಮನಾಥಕ್ಕೆ ಹೊರಟೆವು. ದೇವರ ದರ್ಶನವಾದ ಮೇಲೆ ಇವರು, "ಇಲ್ಲಿಂದ ದೀವ್ ದ್ವೀಪ ದೂರವಿಲ್ಲವಂತೆ. ಪೋರ್ಚುಗೀಸರು ಹೋಗಿ ಸ್ವಲ್ಪವೇ ಸಮಯವಾದ್ದು. ಸಮುದ್ರ ನೋಡಿ ಬರುವ," ಎಂದರು. ಸಮುದ್ರ ಸೋಮನಾಥದಲ್ಲಿಯೂ ಇತ್ತು. ಆದರೂ ಹೊರಟೆ. ಬಸ್ಸಿನಲ್ಲಿ ಧೂಳು ಕುಡಿದು, ಕಡವಿನ ದೋಣಿಯಲ್ಲಿ ದಾಟಿ ದ್ವೀಪದ ಮೇಲೆ ಕಾಲಿಟ್ಟಾಗ ಮೊದಲು ಬಂದದ್ದು ಒಣಗಲು ಹಾಕಿದ ಮೀನಿನ ವಾಸನೆ. ಬೀದಿಯಲ್ಲೇ, ಬಿಸಿಲಲ್ಲೇ, ಯಾರ ಭಯವೂ ಇಲ್ಲದೆ. ಇವರು ನಿಂತು ಉಸಿರೆಳೆದುಕೊಂಡರು. ನಾನು ಅಭ್ಯಾಸಬಲದಿಂದ ಹಿಂದೆ ತಿರುಗಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿದೆ.

ಉಳಿದುಕೊಳ್ಳಲು ಜಾಗ ಕೊಟ್ಟದ್ದು ದೋಣಿಗಳಿದ್ದ ಕಡೆ ಮನೆ ಮಾಡಿಕೊಂಡಿದ್ದ ಒಬ್ಬ ಹೆಂಗಸು. ಗಂಡನ ಜೊತೆ ಬಹಳ ಕಾಲ ಆಫ್ರಿಕಾದಲ್ಲಿ, ಮೊಜಾಂಬಿಕ್‌ನಲ್ಲಿ ಇದ್ದು ಬಂದವಳು. ದ್ವೀಪದಲ್ಲಿ ಅಂಥವರು ಬಹಳ ಮಂದಿ. ದೋಣಿ ಬಂದೊಡನೆ ಒಂದು ಅಂಜಲ್ ಮೀನು ತಂದು, ಅದರ ಸಿಪ್ಪೆ, ಮುಳ್ಳು ಎಲ್ಲ ತೆಗೆದು, ವೀಳ್ಯದೆಲೆಯಷ್ಟು ತೆಳ್ಳಗೆ ಕೊಯ್ದಳು. ಉಪ್ಪು, ಹಸಿಮೆಣಸು, ನೀರುಳ್ಳಿ ಹಾಕಿ ನಿಂಬೆಹಣ್ಣು ಹಿಂಡಿದಳು. ನಾವು ಒಲೆ ಹಚ್ಚುವುದನ್ನು ಕಾಯುತ್ತಿದ್ದೆವು. ಅವಳು ಪಿಂಗಾಣಿ ತಟ್ಟೆಯನ್ನು ನಮ್ಮ ಮುಂದೆ ತಳ್ಳಿದಳು.

"ಇದು ಬೇಯಲಿಲ್ಲ," ಎಂದೆ ಹಿಂದಿಯಲ್ಲಿ.

"ಬೇಯುತ್ತಾ ಇದೆ, ನೋಡುತ್ತಾ ಇರು," ಎಂದಳು.

ನೋಡುತ್ತಿದ್ದಂತೆಯೇ ಗಾಜಿನ ಹಾಗಿದ್ದ ತುಂಡುಗಳ ಅಂಚು ಬೆಳ್ಳಗಾಯಿತು. ಬಿಳಿ ಒಳಗೆ ಸರಿಯಿತು. ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದವರು ನಾವು, ಮೀನನ್ನು ಇಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲವೆನಿಸಿತು. ಇವರು ಮೊದಲು ತಿಂದರು. ಹೊಟ್ಟೆ ಕೆಟ್ಟರೆ ಈ ದ್ವೀಪದಲ್ಲಿ ಡಾಕ್ಟರು ಎಲ್ಲಿ ಎಂದು ನಾನು ಮುಖವನ್ನೇ ನೋಡುತ್ತಿದ್ದೆ. ಇವರು ಕಣ್ಣು ಮುಚ್ಚಿಕೊಂಡರು. ತಟ್ಟೆಯನ್ನು ನನ್ನ ಕಡೆ ತಿರುಗಿಸಿದರು. ಮೊದಲು ಹುಳಿ, ಆಮೇಲೆ ಖಾರ, ಕೊನೆಗೆ ತಣ್ಣಗಿನ ಒಂದು ಸಿಹಿ. ಮರುದಿನ ಅವಳು ಅದನ್ನೇ ತೆಂಗಿನ ಹಾಲಿನಲ್ಲಿ ಮಾಡಿದಳು, ಅದರ ಮಾರನೆಯ ದಿನ ಬೆಳ್ಳುಳ್ಳಿ ಜಜ್ಜಿ ವಿನೆಗರ್ ಹಾಕಿ. ನಾವು ಕೋಟೆಯನ್ನು ಸರಿಯಾಗಿ ನೋಡಲೇ ಇಲ್ಲ.

ಹೊರಡುವ ದಿನ ಕೈ ತೊಳೆದು ಬಂದಾಗ ಇವರು ನನ್ನ ಬೆರಳನ್ನು ಹಿಡಿದು ಮೂಸಿದರು.

"ವಾಸನೆಯೇ ಇಲ್ಲ ಮಾರಾಯ್ತಿ."

ಇವರ ಮನಸ್ಸಿನಲ್ಲಿ ಏನು ಬಂತೆಂದು ನನಗೆ ಆಗಲೇ ತಿಳಿಯಿತು. "ಬೇಡ," ಎಂದೆ.

"ಹೊಗೆ ಇಲ್ಲ, ಎಣ್ಣೆ ಇಲ್ಲ, ಸುಡುವುದಿಲ್ಲ. ಯಾರಿಗೆ ಗೊತ್ತಾಗುತ್ತದೆ?"

"ಬೇಡ ಅಂದೆನಲ್ಲ. ಈ ಮನೆಯೂ ಹೋದರೆ ಎಂತ ಮಾಡುತ್ತೀರಿ ಅಂತ ನೀವೇ ಹೇಳಿದ್ದೀರಿ."

ಇವರು ಮಾತು ಬಿಟ್ಟರು. ಆಸೆ ಬಿಡಲಿಲ್ಲ. ಅದು ನನ್ನನ್ನೂ ಬಿಟ್ಟಿರಲಿಲ್ಲ.

ಸೂರತ್‌ಗೆ ಬಂದ ಮೇಲೆ ಒಂದು ಭಾನುವಾರ ಬೆಳಗ್ಗೆ ಇವರು ಹೊಳೆಯ ಕಡೆ ತಿರುಗಾಡಲು ಹೋಗಿ ಬಂದರು. ಕೈಯಲ್ಲಿ ಊಟದ ಡಬ್ಬಿ. ಮೀನುಗಾರ ಹೆಂಗಸಿನ ಹತ್ತಿರವೇ ಕೊಯ್ಸಿ, ತೊಳೆಸಿ, ಮುಳ್ಳು ಸಿಪ್ಪೆ ಅಲ್ಲೇ ಬಿಟ್ಟು, ಬರಿಯ ಮಾಂಸ ತಂದಿದ್ದರು. ನಾನು ಜಗಳವಾಡಲಿಲ್ಲ, ನಿಂಬೆಹಣ್ಣು ತೆಗೆದುಕೊಟ್ಟೆ. ಬಾಗಿಲು ಹಾಕಿದರೆ ಅನುಮಾನ ಬರುತ್ತದೆಂದು ಅರ್ಧ ತೆರೆದೇ ಇಟ್ಟೆವು. ಕೆಳಗೆ ಬಾ ಕೆಮ್ಮಿದರೆ ಕೈ ನಿಲ್ಲುತ್ತಿತ್ತು, ಮೆಟ್ಟಿಲು ಕಿರುಗುಟ್ಟಿದರೆ ನುಂಗುವುದು ನಿಲ್ಲುತ್ತಿತ್ತು. ಪಿಸುಮಾತಿನಲ್ಲಿ ತಿಂದೆವು ಎನ್ನಬಹುದು. ಏನೂ ಆಗಲಿಲ್ಲ. ಅದೇ ತೊಂದರೆಯಾದದ್ದು. ಏನೂ ಆಗಲಿಲ್ಲವೆಂದು ಇನ್ನೊಂದು ಭಾನುವಾರ ತಂದರು, ಮತ್ತೊಂದು ಭಾನುವಾರವೂ.

ಕೊನೆಯ ಸಲ, ಬಟ್ಟಲಿನಲ್ಲಿ ನಿಂಬೆ ಹಿಂಡಿ, ಮೇಲೊಂದು ತಟ್ಟೆ ಮುಚ್ಚಿ ಕಾಯುತ್ತಿದ್ದೆವು. ಬಾ ಹೇಳದೆ ಕೇಳದೆ ಮೇಲೆ ಬಂದರು. ಬಂದವರೇ ಮಗುವನ್ನು ಎತ್ತಿಕೊಂಡು ಕೂತರು. ಎಂದೂ ಹೊಸ್ತಿಲು ದಾಟದ ಬೆಕ್ಕು ಅವರ ಹಿಂದೆಯೇ ಒಳಗೆ ಬಂತು. ಬಟ್ಟಲಿದ್ದ ಮಣೆಯ ಹತ್ತಿರ ಹೋಗಿ ನಿಂತಿತು. ತಲೆ ಎತ್ತಿ ಕೂಗಿತು.

ನಾವು ಮನುಷ್ಯರ ಮೂಗಿನ ಬಗ್ಗೆ ಮಾತ್ರ ಯೋಚಿಸಿದ್ದೆವು.

"ಇದಕ್ಕೇನಾಯಿತು ಇವತ್ತು?" ಎಂದರು ಬಾ. ಬೆಕ್ಕು ಮಣೆಗೆ ಮೈ ಉಜ್ಜಿತು, ಮತ್ತೆ ಕೂಗಿತು. ನಾನು ಅದನ್ನು ಎತ್ತಿ ಹೊರಗೆ ಬಿಟ್ಟೆ. ನನಗಿಂತ ಮೊದಲು ಅದು ಒಳಗೆ ಬಂದಿತ್ತು.

"ಏನಿದೆ ಅದರಲ್ಲಿ?"

"ಮೂಲಂಗಿ," ಎಂದರು ಇವರು. "ನಿಂಬೆ ಹಾಕಿದ್ದೇವೆ."

"ಮೂಲಂಗಿಗೆ ಬೆಕ್ಕು ಕೂಗುವುದನ್ನು ಈ ವಯಸ್ಸಿನಲ್ಲಿ ನೋಡಿದೆ!" ಬಾ ನಕ್ಕರು. ನಂಬಿಯೇ ನಕ್ಕರು. ಮೀನನ್ನು ಅವರು ಜನ್ಮದಲ್ಲಿ ಹತ್ತಿರದಿಂದ ಕಂಡವರಲ್ಲ. ಕೈ ಚಾಚಿ ತಟ್ಟೆ ಸರಿಸಿದರು. ಒಳಗೆ ಬೆಳ್ಳಗೆ, ತೆಳ್ಳಗೆ, ಹಸಿಮೆಣಸಿನ ಚೂರುಗಳ ನಡುವೆ. ನನಗೇ ಅದು ಮೂಲಂಗಿಯಂತೆ ಕಂಡಿತು.

"ಕೊಡು ಒಂದು ಹೋಳು. ಹಲ್ಲಿಲ್ಲದವಳಿಗೆ ನೆನೆದದ್ದೇ ಲಾಯಕ್ಕು."

"ಖಾರ ಜಾಸ್ತಿಯಾಗಿದೆ ಬಾ," ಎಂದೆ.

"ಸೂರತ್‌ನವಳಿಗೆ ಖಾರದ ಹೆದರಿಕೆ ಹಾಕುತ್ತೀಯಾ, ಹುಚ್ಚಿ?"

ಅವರ ಬೆರಳು ಬಟ್ಟಲಿಗೆ ಇಳಿಯುತ್ತಿತ್ತು. ಒಂದು ಹೋಳು ಅವರ ಬಾಯಿಗೆ ಹೋದರೆ ಅವರಿಗೆ ತಿಳಿಯಲಿಕ್ಕಿಲ್ಲ, ಹುಳಿ, ಖಾರದಲ್ಲಿ ಮುಗಿದುಹೋಗುತ್ತದೆ. ಮನೆ ಉಳಿಯುತ್ತದೆ, ನಾವು ಮೂವರೂ ಒಟ್ಟಿಗಿರುತ್ತೇವೆ. ಇದೆಲ್ಲ ಆ ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿತು. ಇವರ ತಲೆಯಲ್ಲೂ ಓಡಿರಬೇಕು. ಇವರು ಬಟ್ಟಲನ್ನು ಅಂಗೈಯಿಂದ ಮುಚ್ಚಿದರು.

"ಬೇಡ ಬಾ. ಮೂಲಂಗಿ ಅಲ್ಲ. ಮಾಛಲಿ."

ಅವರ ಭಾಷೆಯಲ್ಲಿ ಮೀನಿಗೆ ಹಾಗೆನ್ನುತ್ತಾರೆ.

ಬಾ ಕೂಗಾಡಲಿಲ್ಲ. ಚಾಚಿದ ಕೈ ಹಾಗೇ ಇತ್ತು. ಆಮೇಲೆ ಅದನ್ನು ಮಗುವಿಗೆ ತಾಗದಂತೆ ದೂರ ಹಿಡಿದು, ಇನ್ನೊಂದೇ ಕೈಯಲ್ಲಿ ಮಗುವನ್ನು ನನಗೆ ಒಪ್ಪಿಸಿ, ಇಳಿದು ಹೋದರು. ಕೆಳಗೆ ನಲ್ಲಿಯ ಸದ್ದು ಬಹಳ ಹೊತ್ತು ಕೇಳಿತು. ಕೈ ತೊಳೆಯುತ್ತಿದ್ದರು.

ಮೀನನ್ನು ಎಸೆಯಲು ಜಾಗವಿರಲಿಲ್ಲ. ಕುಳಿತು ತಿಂದೆವು. ರುಚಿ ನೆನಪಿಲ್ಲ.

"ಯಾಕೆ ಹೇಳಿದಿರಿ?" ಎಂದು ಕೇಳಿದೆ.

"ಮತ್ತೆ? ತಿನ್ನಿಸುವುದಾ?"

"ಇನ್ನು ನಾನೂ ಮಗುವೂ ಊರಿಗಲ್ಲವಾ?"

"ಗೊತ್ತುಂಟು," ಎಂದರು. ಬಟ್ಟಲು ತಾವೇ ತೊಳೆದರು. ನಾನು ಮಗುವಿನ ಬಟ್ಟೆ ಮಡಿಸತೊಡಗಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ಇವರು ಕಚೇರಿಗೆ ಹೋದ ಮೇಲೆ ಬಾ ಕೆಳಗಿನಿಂದಲೇ ಕರೆದರು. "ಮಗುವನ್ನೆತ್ತಿಕೊಂಡು ಇಳಿದು ಬಾ. ಚಪ್ಪಲಿ ಹಾಕಿಕೋ." ಎಲ್ಲಿಗೆ ಎಂದು ಕೇಳುವ ಧೈರ್ಯವಾಗಲಿಲ್ಲ. ಅವರು ತಲೆಯ ಮೇಲೆ ಸೆರಗು ಎಳೆದುಕೊಂಡು ಮುಂದೆ ನಡೆದರು, ನಾನು ಹಿಂದೆ. ಮಗು ಅವರ ಬೆನ್ನನ್ನು ನೋಡಿ ಕೈ ಬೀಸುತ್ತಿತ್ತು, ಅವರು ತಿರುಗಲಿಲ್ಲ. ನಾನ್‌ಪುರಾದಲ್ಲಿ ಒಂದು ಪಾರ್ಸಿ ಮನೆಯ ಗೇಟಿನ ಮುಂದೆ ನಿಂತರು. ಒಳಗಿನಿಂದ ವಯಸ್ಸಾದ ಪಾರ್ಸಿ ಹೆಂಗಸು ಬಂದಳು. ಬಾ ಗೇಟಿನ ಒಳಗೆ ಕಾಲಿಡಲಿಲ್ಲ.

"ಇವರು ಮೀನು ತಿನ್ನುವವರು. ನನ್ನ ಮನೆಗೆ ಆಗುವುದಿಲ್ಲ. ನಿನ್ನ ಹಿಂದಿನ ಕೋಣೆ ಖಾಲಿ ಇದೆಯಂತೆ."

"ಮೀನು ತಿನ್ನದವರು ಬಂದಿದ್ದರೆ ನಾನು ಕೊಡುತ್ತಿರಲಿಲ್ಲ," ಎಂದು ಅವಳು ಗೇಟು ತೆರೆದಳು.

ಹಿಂದಿರುಗುವ ದಾರಿಯಲ್ಲಿ ಬಾ ಒಮ್ಮೆ ನಿಂತರು.

"ನಿನ್ನೆ ನಿನ್ನ ಗಂಡ ಇಲ್ಲದಿದ್ದರೆ, ನೀನು ಹೇಳುತ್ತಿದ್ದೆಯಾ?"

ನಾನು ಮಗುವಿನ ಅಂಗಿ ಸರಿಪಡಿಸಿದೆ. ಅವರು ಉತ್ತರಕ್ಕೆ ಕಾಯಲಿಲ್ಲ, ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಮುಂದೆ ನಡೆದರು.

ಪಾರ್ಸಿ ಮನೆಯಲ್ಲಿ ನಾವು ಮೂವರೂ ಬಹಳ ಕಾಲ ಇದ್ದೆವು. ಬೇಕಾದಷ್ಟು ಮೀನು ಹುರಿದೆವು, ಸಾರು ಮಾಡಿದೆವು. ಆದರೂ ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ಇವರು ಊಟದ ಡಬ್ಬಿ ಹಿಡಿದು ಹೊಳೆಯ ಕಡೆ ಹೋಗುತ್ತಿದ್ದರು. ಊರಿಗೆ ಬಂದ ಮೇಲೂ ಅದು ನಿಲ್ಲಲಿಲ್ಲ. ಮಕ್ಕಳು ಮಲಗಿದ್ದಾಗ ಇಬ್ಬರೇ, ಬಾಗಿಲು ಅರ್ಧ ತೆರೆದಿಟ್ಟು.

ಬೊಜ್ಜದ ದಿನ ಅಂಜಲ್ ಕೊಯ್ದವಳು ಮಗಳು, ನಿಂಬೆ ಹಿಂಡಿದವಳು ನಾನು. ಇವರ ಅಕ್ಕ ಗೊಣಗುತ್ತಲೇ ಎಲೆಯ ಮೂಲೆಯಲ್ಲಿ ಜಾಗ ಮಾಡಿಕೊಟ್ಟರು. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಒಳಗೆ ಏನಾದರೂ ಸದ್ದಾದೀತೇ ಎಂದು ನಾನು ಕಿವಿಗೊಟ್ಟಿದ್ದೆ. ಸೂರತ್‌ನಲ್ಲಿ ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕೂತಿದ್ದ ಹಾಗೆಯೇ.

"ಸಾಕಲ್ಲ? ತೆರೆಯುವುದಾ?" ಎಂದು ಅಕ್ಕ ಪಿಸುಗುಟ್ಟಿದರು.

"ಸ್ವಲ್ಪ ನಿಲ್ಲಿ. ಬಿಳಿಯಾಗಬೇಕು."

ಬಾಗಿಲು ತೆರೆದಾಗ ಮೀನು ಬೆಳ್ಳಗಾಗಿತ್ತು. ಅಕ್ಕ ಬಗ್ಗಿ ನೋಡಿದರು, ಹತ್ತಿರ ಹೋಗಿ ಮೂಸಿದರು.

"ವಾಸನೆಯೇ ಇಲ್ಲವಲ್ಲ ಮಾರಾಯ್ತಿ," ಎಂದರು.

ನಾನು ಗೋಡೆ ಹಿಡಿದು ನಿಂತು ನನ್ನ ಬೆರಳನ್ನು ಮೂಸಿದೆ. ನಿಂಬೆಯದು ಮಾತ್ರ.