ಕೂಲಿಯ ನಗು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ನಗೆಯಕ್ಕ ಎನ್ನುತ್ತಿದ್ದರು. ಮೊದಲು ಅಲ್ಲಿಯೇ ನಟರ ಬಟ್ಟೆ ಹೊಲಿಯುತ್ತಿದ್ದ ಹೆಂಗಸು. ಒಂದು ದಿನ ಗುಂಡಿ ಹಾಕುತ್ತಾ ಪರದೆಯ ಹಿಂದೆ ಕೂತವಳು ಯಾವುದೋ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿರ್ದೇಶಕರು ಕಿವಿ ನಿಮಿರಿಸಿ, "ಯಾರಮ್ಮ ಅದು? ಈಚೆ ಬನ್ನಿ" ಎಂದರು. ಅಷ್ಟೇ, ಸೂಜಿ ದಾರ ಬಿಟ್ಟು ಅವಳು ಪ್ರೇಕ್ಷಕರ ಸಾಲಿಗೆ ಬಂದು ಕೂತಳು.

ಕೆಲಸ ಕೇಳಿದರೆ ನೀವೂ ನಗುತ್ತೀರಿ. ಆ ಟಿವಿ ಹಾಸ್ಯ ಧಾರಾವಾಹಿಯ ನಾಯಕ ಪತ್ರಿಕೆಯ ಅಂಕಣಕಾರ, ಹೆಸರು ಕಟಕಿರಾಯ. ನೀರು ಬಿಡುವವನಿಂದ ಹಿಡಿದು ಮಂತ್ರಿಯವರೆಗೆ ಯಾರನ್ನೂ ಬಿಡದೆ ಅಂಕಣದಲ್ಲಿ ಉಗಿಯುವ ಮನುಷ್ಯ, ಮನೆಗೆ ಬಂದರೆ ಹೆಂಡತಿಯನ್ನು ಚುಚ್ಚುತ್ತಾನೆ. ಚಿತ್ರೀಕರಣ ನೋಡಲು ಬಂದ ಜನ ಸಂಕೋಚದಲ್ಲಿ ಬಿಗಿದುಕೊಂಡು ಕೂತಿರುತ್ತಾರೆ. ಯಾರಾದರೂ ಶುರು ಮಾಡಬೇಕು ತಾನೆ? ಕಟಕಿರಾಯ ಚುಚ್ಚುಮಾತು ಆಡಿ ಅರ್ಧ ಉಸಿರು ನಿಲ್ಲಿಸುತ್ತಾನೆ, ಆ ಸಂದಿಯಲ್ಲಿ ನಗೆಯಕ್ಕ ನಗಬೇಕು. ಅವಳ ಹಿಂದೆ ಇಡೀ ಹಾಲ್ ನಗುತ್ತದೆ. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ಅವಳಿಗೆ ಮಾತು ಕೇಳಿಸುವುದೇ ನಿಂತುಹೋಗಿತ್ತು, ಸಂದಿ ಮಾತ್ರ ಕೇಳಿಸುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದು, ಮದುವೆ ಮಾಡಿದ್ದು, ಎಲ್ಲ ಇದೇ ನಗುವಿನಿಂದ.

ಆ ಮಗಳು ಒಂದು ದಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ಅಳಿಯ ಹೊಡೆಯುವವನಲ್ಲ, ಕುಡಿಯುವವನಲ್ಲ. ಕಟಕಿರಾಯನ ಪರಮಭಕ್ತ! ಅದೇ ಧಾಟಿ, ಅದೇ ಹುಬ್ಬು. ಬಂದವರ ಮುಂದೆಲ್ಲ ಹೆಂಡತಿಯನ್ನು ಹಂಗಿಸುವುದು, ಅವಳು ಕಣ್ಣೀರು ಹಾಕಿದರೆ "ತಮಾಷೆಗೆ ಅಂದೆ ಮಾರಾಯ್ತಿ" ಎನ್ನುವುದು. ಹೊಡೆದಿದ್ದರೆ ಬಾಸುಂಡೆಯನ್ನಾದರೂ ತೋರಿಸಬಹುದಿತ್ತು.

"ಅಮ್ಮ, ನಾನು ನಿಜವಾಗ್ಲೂ ದಡ್ಡಿನಾ?" ಎಂದು ಕೇಳಿದಳು ಮಗಳು. ಔಷಧಿ ಅಂಗಡಿಯಲ್ಲಿ ನೂರೆಂಟು ಮಾತ್ರೆಗಳನ್ನು ಕಣ್ಣು ಮುಚ್ಚಿ ಎತ್ತಿಕೊಡುವ ಹುಡುಗಿ! ನಗೆಯಕ್ಕ ಅವಳ ಕೈಯಿಂದ ಚೀಲ ಕಿತ್ತು ಒಳಗಿಟ್ಟಳು.

"ನೀನು ವಾಪಸ್ ಹೋಗೋದು ಬೇಡ. ಬರಲಿ ಅವನು, ನಾನು ಮಾತಾಡ್ತೀನಿ."

ಅಳಿಯ ಬಂದ. ಮಗಳ ಪರವಾಗಿ ಕೂತುಕೊಳ್ಳಲಿ ಎಂದು ನಗೆಯಕ್ಕ ತನ್ನ ಅಣ್ಣನನ್ನೂ ಕರೆಸಿದ್ದಳು. "ನೋಡಿ, ನೀವು ನಾಲ್ಕು ಜನರ ಎದುರು ಹಾಗೆಲ್ಲ ಅಂದ್ರೆ ಅವಳಿಗೆ ಬೇಜಾರಾಗಲ್ವಾ?" ಎಂದು ಗಟ್ಟಿಯಾಗಿಯೇ ಶುರು ಮಾಡಿದಳು.

ಅಳಿಯ ಹುಬ್ಬು ಏರಿಸಿದ. "ಬೇಜಾರಾಗಬೇಕು ಅಂದ್ರೆ ಮೊದಲು ಅರ್ಥ ಆಗಬೇಕಲ್ಲ ಅತ್ತೆ?"

ಅರ್ಧ ಉಸಿರು ನಿಲ್ಲಿಸಿದ.

ನಗೆಯಕ್ಕ ನಕ್ಕುಬಿಟ್ಟಳು. ಅಯ್ಯೋ, ಬೇಕೆಂದು ನಕ್ಕದ್ದಲ್ಲ! ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಅಣ್ಣನೂ ನಗುತ್ತಿದ್ದ. "ಒಳ್ಳೇ ತಮಾಷೆ ಮನುಷ್ಯ ಕಣಮ್ಮ ನಿನ್ನ ಗಂಡ, ಇದಕ್ಕೆಲ್ಲ ಮುನಿಸಿಕೊಂಡು ಬರ್ತಾರಾ?" ಎಂದ. ಪಂಚಾಯಿತಿ ಅಲ್ಲಿಗೆ ಮುಗಿಯಿತು. ಮಗಳು ಒಳಗೆ ಹೋಗಿ ಚೀಲ ತುಂಬಿಕೊಂಡು ಬಂದಳು.

"ನಿಲ್ಲೇ, ನಾನು ಬೇಕಂತ..."

"ಬಿಡಮ್ಮ. ನಿನಗೇ ನಗು ಬಂತಲ್ಲ" ಎಂದು ಚಪ್ಪಲಿ ಮೆಟ್ಟಿದಳು.

ಮುಂದಿನ ಚಿತ್ರೀಕರಣದ ದಿನ ಕಟಕಿರಾಯ ಹೆಂಡತಿಯನ್ನು ಚುಚ್ಚಿ ಉಸಿರು ನಿಲ್ಲಿಸಿದ. ಅವತ್ತು ನಗೆಯಕ್ಕನಿಗೆ ಮಾತು ಕೇಳಿಸಿತು, ಒಂದೊಂದು ಅಕ್ಷರವೂ ಕೇಳಿಸಿತು. ಇಷ್ಟು ವರ್ಷ ಇದಕ್ಕಾ ನಾನು ನಕ್ಕಿದ್ದು ಎಂದು ಮೈ ಉರಿಯಿತು. ಹಾಲ್ ಗಪ್‌ಚಿಪ್.

"ನಗೆಯಕ್ಕಾ, ಹುಷಾರಿಲ್ವಾ?" ಎಂದರು ನಿರ್ದೇಶಕರು.

"ನಗು ಬರಲಿಲ್ಲ ಸಾರ್."

"ಬರದಿದ್ದರೂ ನಗಲಿ ಅಂತಲೇ ಅಲ್ವೇನಮ್ಮ ಕೂಲಿ ಕೊಡೋದು?"

ಅವಳು ಕೈಚೀಲ ಎತ್ತಿಕೊಂಡು ಹೊರಗೆ ಬಂದು ಮಗಳ ಮನೆ ಕಡೆಯ ಬಸ್ಸು ಹತ್ತಿದಳು.

ಅಲ್ಲಿ ಅಳಿಯ ಗೆಳೆಯನೊಬ್ಬನನ್ನು ಊಟಕ್ಕೆ ಕೂರಿಸಿಕೊಂಡಿದ್ದ. "ಬನ್ನಿ ಬನ್ನಿ ಅತ್ತೆ" ಎಂದು ಬಾಯ್ತುಂಬ ಕರೆದು ಅವಳಿಗೂ ತಟ್ಟೆ ಹಾಕಿಸಿದ. ಮಗಳು ತಲೆ ಎತ್ತದೆ ಬಡಿಸುತ್ತಿದ್ದಳು. ನಾಲ್ಕು ತುತ್ತು ಇಳಿದಿರಲಿಲ್ಲ, ಶುರುವಾಯಿತು. "ನಮ್ಮವಳು ಒಲೆ ಹಚ್ಚಿದರೆ ಸಾಕು, ಪಕ್ಕದ ಮನೆ ನಾಯಿ ಉಪವಾಸ ಹಿಡಿಯುತ್ತೆ" ಎಂದು ಅತ್ತೆಯ ಕಡೆ ತಿರುಗಿ ಉಸಿರು ನಿಲ್ಲಿಸಿದ.

ನಗೆಯಕ್ಕ ಅವನನ್ನೇ ನೋಡಿದಳು. ಗೆಳೆಯ ತಟ್ಟೆ ನೋಡಿಕೊಂಡ.

"ಯಾಕತ್ತೆ, ಅರ್ಥ ಆಗಲಿಲ್ವಾ?"

"ಆಯ್ತು. ನಗುವಂಥದ್ದು ಏನೂ ಕಾಣಲಿಲ್ಲ."

ಅಳಿಯನ ಮುಖ ಕಪ್ಪಿಟ್ಟಿತು. ಆಗ ಬೆನ್ನ ಹಿಂದೆ ಯಾರೋ ಗಟ್ಟಿಯಾಗಿ ನಕ್ಕರು. ಸೌಟು ಹಿಡಿದ ಮಗಳು! ತಲೆ ಹಿಂದಕ್ಕೆ ಹಾಕಿ, ಎದೆಯ ಮೇಲೆ ಕೈಯಿಟ್ಟು, ಥೇಟ್ ತಾಯಿಯ ಹಾಗೆ ನಗುತ್ತಿದ್ದಳು. ಅವಳ ಕಣ್ಣು ಮಾತ್ರ ಗಂಡನ ಮುಖ ಬಿಟ್ಟು ಕದಲಿರಲಿಲ್ಲ. ನಗೆಯಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಅವಳ ಕಡೆ ತಿರುಗಿದಳು.

"ಹೀಗೆ ನಕ್ಕರೆ ನನಗೆ ಕೂಲಿ ಕೊಡ್ತಾರೆ ಕಣೇ" ಎಂದಳು. "ನಿನಗೇನು ಕೊಡ್ತಾರೆ?"

ಮಗಳ ನಗು ನಿಂತಿತು. ಸೌಟು ಕೆಳಗಿಟ್ಟು, ಆ ಗೆಳೆಯ ಕೇಳುವಂತೆಯೇ ಹೇಳಿದಳು. "ನಕ್ಕರೆ ರಾತ್ರಿ ಮಲಗೋಕೆ ಬಿಡ್ತಾರಮ್ಮ. ಇಲ್ಲದಿದ್ರೆ ಬೆಳಗಾಗೋವರೆಗೂ ಕೂರಿಸಿಕೊಂಡು ಹಂಗಿಸ್ತಾನೇ ಇರ್ತಾರೆ."

ಗೆಳೆಯ ಊಟ ಬಿಟ್ಟು ಎದ್ದ. "ಏ, ತಮಾಷೆಗೆ ಕಣೋ" ಎಂದು ಅಳಿಯ ಅವನ ಹಿಂದೆ ಹೋದ. ನಗೆಯಕ್ಕ ಎಂಜಲು ಕೈಯಲ್ಲೇ ಮಗಳ ರಟ್ಟೆ ಹಿಡಿದು ಬಾಗಿಲ ಕಡೆ ನಡೆದಳು.