ಗಂಗಾವತಿಯಿಂದ ಕೇಳಿಸಿದ ಕಾದಂಬರಿ

ನಮ್ಮ ನಾಲ್ವರ ವಾಟ್ಸಾಪ್ ಗುಂಪಿನಲ್ಲಿ ಒಂದು ನಿಯಮವಿದೆ. ಏನು ಉಂಡಿರಿ ಎಂದು ಹೇಳದೆ ಯಾರೂ ಪುಸ್ತಕದ ಮಾತು ತೆಗೆಯುವಂತಿಲ್ಲ. ಕೊಪ್ಪಳದ ಬ್ಯಾಂಕಿನವರು ಒಮ್ಮೆ ಬೆಳಿಗ್ಗೆ ಬೆಳಿಗ್ಗೆಯೇ ಒಂದು ಕಥಾಸಂಕಲನವನ್ನು ಹೊಗಳಲು ಹೊರಟಾಗ ಕುಷ್ಟಗಿಯ ಅಂಗನವಾಡಿ ಟೀಚರು, "ಮೊದಲ ನಾಷ್ಟಾ ಏನಾತು ಹೇಳ್ರಿ ಸರ, ಆಮ್ಯಾಲ ಕಥಿ" ಎಂದು ತಡೆದಿದ್ದರು. ಮಂಡಕ್ಕಿ ಸುಸಲಾ ಎಂದು ಒಪ್ಪಿಸಿದ ಮೇಲೆಯೇ ಅವರಿಗೆ ಬಿಡುಗಡೆ. ಮೊಬೈಲಿನಲ್ಲಿ ಹುಟ್ಟಿದ ಈ ಸ್ನೇಹಕ್ಕೆ ವರ್ಷಗಳಾದರೂ ನಾವು ಒಬ್ಬರನ್ನೊಬ್ಬರು ಕಂಡವರಲ್ಲ. ಪುಸ್ತಕಗಳು ಮಾತ್ರ ಬಸ್ ಕಂಡಕ್ಟರರ ಕೈಯಲ್ಲಿ ಊರೂರು ಸುತ್ತುತ್ತವೆ. ಯಲಬುರ್ಗಾ ಸ್ಟ್ಯಾಂಡಿಗೆ ಹೋಗಿ ನನ್ನ ಪಾಲಿನದನ್ನು ಇಸಿದುಕೊಳ್ಳುತ್ತೇನೆ.

ನಾಲ್ಕನೆಯವಳು ಗಂಗಾವತಿಯ ಗೆಳತಿ. ಅಕ್ಕಿ ವ್ಯಾಪಾರದ ಮನೆ. ಅರ್ಧ ಪುಸ್ತಕ ಓದಿ ಪೂರ್ತಿ ಹೊಗಳುವುದು ಆಕೆಯ ಚಟ. "ಭಾಳ ಛಲೋ ಐತ್ರಿ, ಓದಾಕ ಬೇಕು" ಎನ್ನುತ್ತಾಳೆ. ಕೊನೆಗೇನಾಯಿತು ಎಂದು ಕೇಳಿದರೆ, "ಇನ್ನೂ ಅಲ್ಲೀ ತನಕ ಹೋಗಿಲ್ರಿ!" ನಿಮ್ಮ ಮನೆಯಲ್ಲಿ ಅನ್ನವನ್ನೂ ಅರ್ಧ ಬೇಯಿಸಿಯೇ ಬಡಿಸುತ್ತೀರಾ ಎಂದು ನಾನು ಆಕೆಯ ಕಾಲೆಳೆದದ್ದಿದೆ.

ಹೋದ ವರ್ಷ ಸಕ್ಕರೆ ಕಾಯಿಲೆ ನನ್ನ ಕಣ್ಣಿಗೆ ಇಳಿಯಿತು. ಎಡಗಣ್ಣು ಮೊದಲೇ ಮಂದ. ಈಗ ಬಲಗಣ್ಣಿನೊಳಗೂ ರಕ್ತ ಒಸರಿ, ಎದುರಿಗಿದ್ದವರು ಒಲೆಯ ಹೊಗೆಯಲ್ಲಿ ನಿಂತಂತೆ ಕಾಣತೊಡಗಿದರು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ದೃಷ್ಟಿ ಎಷ್ಟು ಮರಳುತ್ತದೆಂದು ಈಗಲೇ ಹೇಳಲಾಗದು, ಸದ್ಯಕ್ಕೆ ಪುಸ್ತಕವೂ ಬೇಡ, ಮೊಬೈಲೂ ಬೇಡ ಎಂದರು ಡಾಕ್ಟರು. ನನಗೆ ಭಯವಾಯಿತು. ಭಯವಾದಾಗ ನಾನು ಅಳುವವಳಲ್ಲ, ರೇಗುವವಳು. ಮನೆಯವರೆಲ್ಲ ನನ್ನ ಬಾಯಿಗೆ ಹೆದರಿ ದೂರದೂರವೇ ಓಡಾಡಿದರು. ಓದಲಾರದವಳಿಗೆ ಓದುವವರ ನಡುವೆ ಏನು ಕೆಲಸ, ನನ್ನನ್ನು ಗುಂಪಿನಿಂದ ತೆಗೆಯಿರಿ ಎಂದು ಮಗಳಿಂದ ಬರೆಸಿ ಕಳಿಸಿದೆ.

ಯಾರೂ ತೆಗೆಯಲಿಲ್ಲ. ಮರುದಿನ ಗಂಗಾವತಿಯಿಂದ ಧ್ವನಿ ಸಂದೇಶ ಬಂತು. "ನಮ್ಮನ್ಯಾಗ ಇವತ್ತ ಪುಂಡಿಪಲ್ಯಾ, ರೊಟ್ಟಿ. ಈಗ ಕೇಳ್ರಿ" ಎಂದು ಆಕೆ ಒಂದು ಕಾದಂಬರಿ ಓದತೊಡಗಿದಳು. ಅಂದಿನಿಂದ ಮಧ್ಯಾಹ್ನವಾದರೆ ಮಗಳು ಫೋನನ್ನು ನನ್ನ ದಿಂಬಿನ ಪಕ್ಕ ಇಟ್ಟು ಹೋಗುತ್ತಿದ್ದಳು. ಅಚ್ಚಿನ ಭಾಷೆಯನ್ನು ಗೆಳತಿ ತನ್ನ ಬಾಯಿಗೆ ಬಂದಂತೆ ತಿರುಗಿಸಿಕೊಳ್ಳುತ್ತಿದ್ದಳು. ನಡುವೆ ಕುಕ್ಕರ್ ಕೂಗುತ್ತಿತ್ತು, ಅಕ್ಕಿ ಲಾರಿ ಹಾರ್ನ್ ಹೊಡೆಯುತ್ತಿತ್ತು. "ಗೇಟ್ ತೆಗೀರಿ ಯಾರರ" ಎಂದು ಕೂಗಿ ಮತ್ತೆ ಕಥೆಗೆ ಬರುತ್ತಿದ್ದಳು. ಕಥೆ ಹಳೆ ಸೀರೆಗಳನ್ನು ಜೋಡಿಸಿ ಹೊದೆಯುವ ಕೌದಿ ಹೊಲಿಯುವ ಮುದುಕಿಯೊಬ್ಬಳದು. ಪುಸ್ತಕದ ನಡುವಿಗೆ ಬರುವಷ್ಟರಲ್ಲಿ ಮುದುಕಿಯ ಕಣ್ಣು ಮಂಜಾಗತೊಡಗಿತು.

ಅಲ್ಲಿಗೆ ಓದು ನಿಂತಿತು. ಕೆಲವು ದಿನ ಸಂದೇಶವೇ ಇಲ್ಲ. ಆಮೇಲೆ "ಗಂಟಲ ಹಿಡದಿತ್ರಿ" ಎಂದು ಮತ್ತೆ ಶುರು ಮಾಡಿದಳು. ಕೊನೆಗೆ ಮುದುಕಿಗೆ ಕಣ್ಣು ಬಂತು. ತಾನೇ ಸೂಜಿಗೆ ದಾರ ಪೋಣಿಸಿ, ಅಂಗಳದಲ್ಲಿ ಕುಳಿತು ಕೌದಿ ಮುಗಿಸಿದಳು. ಆ ಭಾಗವನ್ನು ನಾನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದೆ. ಅವಳಿಗೆ ಬಂದದ್ದು ನನಗೂ ಬಂದೀತು ಎಂದು, ನಾಚಿಕೆ ಬಿಟ್ಟು ಹೇಳುತ್ತೇನೆ, ನಂಬಿದೆ. ಮನೆಯವರ ಮೇಲೆ ರೇಗುವುದು ಕಡಿಮೆಯಾಯಿತು.

ಬಲಗಣ್ಣು ಮೆಲ್ಲಗೆ ತಿಳಿಯಾಯಿತು. ದಪ್ಪ ಕನ್ನಡಕ ಬಂತು. ಓದಲು ಅಪ್ಪಣೆ ಸಿಕ್ಕ ಕೂಡಲೇ ಅದೇ ಕಾದಂಬರಿ ಕಳಿಸಿ ಎಂದೆ. "ಬ್ಯಾರೆ ಯಾವುದರ ಓದ್ರಿ" ಎಂದು ಆಕೆ ಜಾರಿಕೊಂಡಳು. ನಾನು ಹಟ ಬಿಡಲಿಲ್ಲ. ಕೊನೆಗೂ ಅದು ಬಸ್ಸಿನಲ್ಲಿ ಬಂತು. ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು, ನನಗೆ ಅಷ್ಟು ಪ್ರೀತಿಯಾಗಿದ್ದ ಆ ಕೊನೆಯ ಪುಟಗಳನ್ನೇ ಮೊದಲು ತೆಗೆದೆ. ಅಲ್ಲಿ ಮುದುಕಿಗೆ ಕಣ್ಣು ಬಂದಿರಲಿಲ್ಲ. ಕುರುಡಿಯಾಗಿಯೇ ಸತ್ತಿದ್ದಳು, ಕೌದಿ ಅರ್ಧಕ್ಕೇ ಉಳಿದಿತ್ತು.

ಕುಳಿತಲ್ಲಿಂದಲೇ ಗಂಗಾವತಿಗೆ ಫೋನ್ ಹಚ್ಚಿದೆ.

"ಪೂರ್ತಿ ಓದಲಾರದ ಚಾಲೂ ಮಾಡಿಬಿಟ್ಟಿದ್ದೆನ್ರಿ" ಎಂದಳು. "ನಡುವಿಗೆ ಬಂದ ಮ್ಯಾಲ ಎದಿ ಝಲ್ ಅಂತು. ಆಮ್ಯಾಲ ನಾವು ಮೂರೂ ಮಂದಿ ಕೂಡಿ ಕೊನಿ ಬ್ಯಾರೆ ಮಾಡಿದ್ವಿ."

"ಬರದವರ ಕಥಿ ಹಿಂಗ ತಿರುವಿ ಹಾಕೂದೇನ್ರಿ?" ಎಂದು ಜೋರು ಮಾಡಿದೆ.

"ಬರದವರಿಗೆ ನಿಮ್ಮ ಕಣ್ಣಿನ ಸುದ್ದಿ ಗೊತ್ತಿರಲಿಲ್ರಿ. ನಮಗ ಗೊತ್ತಿತ್ತು."

ನಾನು ಎಂದೂ ಮುಖ ಕಾಣದ ಮೂವರು ಇಷ್ಟು ಮಾಡಿದ್ದರು. ಥ್ಯಾಂಕ್ಸ್ ಎನ್ನುವ ಬದಲು, ಇವತ್ತು ನಿಮ್ಮ ಮನೆಯಲ್ಲಿ ಏನು ಅಡಿಗೆ ಎಂದು ಕೇಳಿದೆ.